ಗೋಯಿತಾ, ಮತ್ತೆ ಲಿನೋದಲ್ಲಿ ಕೆತ್ತಿದ ಹಾಡುಗಳು

ಕೆರಿಬಿಯನ್ ಚಿತ್ರಕಲೆ ಅಂತ ಇಂಟರ್ನೆಟ್ಟಿನಲ್ಲಿ ಒಮ್ಮೆ ಹುಡುಕಿ ನೋಡಿ. ನೀಲಿ ಸಮುದ್ರ, ತೆಂಗಿನಮರ, ಗಿಳಿ, ತಲೆ ಮೇಲೆ ಹಣ್ಣಿನ ಬುಟ್ಟಿ ಹೊತ್ತ ಹೆಂಗಸು. ಪ್ರವಾಸಿಗರಿಗೆ ಮಾರುವ ಚಿತ್ರಗಳೇ ಮೊದಲು ಎದುರಾಗುತ್ತವೆ. ನನಗೆ ಇದು ತುಂಬಾ ಬೇಜಾರು. ಯಾಕಂದ್ರೆ ಅದೇ ಸಮುದ್ರದ ಪೋರ್ಟೊ ರಿಕೊ ಎಂಬ ದ್ವೀಪದಲ್ಲಿ, 1950ರ ದಶಕದಲ್ಲಿ, ಬರೀ ಕಪ್ಪು ಮಸಿ ಮತ್ತು ಬಿಳಿ ಕಾಗದ ಇಟ್ಟುಕೊಂಡು ಕೆಲವರು ಮಾಡಿದ ಕೆಲಸ ನೋಡಿದರೆ ಈ ಗಿಳಿಗಳೆಲ್ಲ ಮರೆತೇ ಹೋಗುತ್ತವೆ.

ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು ಅಲ್ಲಿನ ಕಲಾವಿದ ರಫಾಯೆಲ್ ತುಫಿನ್ಯೊ ಅವರ ಕಬ್ಬು ಕಡಿಯುವವನ ಚಿತ್ರ. 1951ರ ಸುಮಾರಿನದು, ಲಿನೋಕಟ್. ಅಂದ್ರೆ ಲಿನೋಲಿಯಂ ಹಾಳೆಯಲ್ಲಿ ಕೆತ್ತಿ, ಮಸಿ ಹಚ್ಚಿ ಒತ್ತಿದ ಅಚ್ಚುಚಿತ್ರ. ಕಬ್ಬಿನ ನಡುವೆ ಮಚ್ಚು ಹಿಡಿದ ಒಬ್ಬ ಆಳು. ಅಷ್ಟೇ. ನಾನು ಕಬ್ಬಿನ ಊರಿನವನು. ಕಬ್ಬಿನ ಗದ್ದೆಯೊಳಗೆ ಹೋಗಿ ಬಂದ ದಿನ ಗರಿ ಕೊಯ್ದ ಕೈ, ಕುತ್ತಿಗೆ ಸಂಜೆ ಸ್ನಾನಕ್ಕೆ ಕೂತಾಗ ಹೇಗೆ ಉರಿಯುತ್ತೆ ಅಂತ ಗೊತ್ತು. ಆ ಚಿತ್ರದ ಗೆರೆಗಳಲ್ಲಿ ನನಗೆ ಆ ಉರಿ ಕಂಡಿತು.

ಹೋದ ವರ್ಷ ಒಂದು ಕಮ್ಮಟದಲ್ಲಿ ನಾನೂ ಲಿನೋ ಕೆತ್ತಿದೆ. ಮೊದಲು ಹಾಳೆಯನ್ನು ಬಿಸಿಲಿಗಿಟ್ಟು ಮೆತ್ತಗೆ ಮಾಡಿಕೊಳ್ಳಬೇಕು. ಉಳಿ ಹೋದ ಕಡೆ ಬಿಳಿ, ಉಳಿದ ಕಡೆ ಕಪ್ಪು. ರೋಲರಿನಲ್ಲಿ ಮಸಿ ಹಚ್ಚಿ, ಕಾಗದ ಇಟ್ಟು, ಒತ್ತಿ ಎತ್ತಿದರೆ ಎಡದ್ದು ಬಲಕ್ಕೆ ಬಂದಿರುತ್ತದೆ. ಚಿತ್ರಕ್ಕೆ ಇದು ನಡೆಯುತ್ತೆ. ಅಕ್ಷರಕ್ಕೆ? ಒಂದೊಂದನ್ನೂ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಕೆತ್ತಬೇಕು. ನನಗೆ ನಾಲ್ಕು ಅಕ್ಷರ ಕೆತ್ತಲು ಅರ್ಧ ದಿನ ಬೇಕಾಯಿತು.

ಇದನ್ನು ಯಾಕೆ ಹೇಳಿದೆ ಅಂದ್ರೆ, 1953ರಿಂದ 1955ರ ಹೊತ್ತಿಗೆ ತುಫಿನ್ಯೊ ಮತ್ತು ಅಲ್ಲಿನ ಇನ್ನೊಬ್ಬ ಕಲಾವಿದ ಲೊರೆಂಜೊ ಓಮಾರ್ ಸೇರಿ 12 ಲಿನೋಕಟ್‌ಗಳ ಒಂದು ಸಂಪುಟ ಮಾಡಿದರು. ವಿಷಯ 'ಪ್ಲೇನಾ'. ಅದು ಅಲ್ಲಿನ ಬೀದಿ ಹಾಡು, ಕೈಯಲ್ಲಿ ಹಿಡಿಯುವ ಚಪ್ಪಟೆ ಚರ್ಮವಾದ್ಯ ಬಡಿಯುತ್ತಾ ಹಾಡುತ್ತಾರೆ. ಊರಲ್ಲಿ ಏನು ನಡೆದರೂ ಪ್ಲೇನಾ ಆಗುತ್ತದೆ. ಹಾಗಾಗಿ ಅದಕ್ಕೆ ಹಾಡುವ ಪತ್ರಿಕೆ ಅಂತಲೇ ಹೆಸರು. ಎಲೆನಾ ಎಂಬ ಹೆಂಗಸಿಗೆ ಯಾರೋ ಚಾಕು ಹಾಕಿದರು, ಆಸ್ಪತ್ರೆಗೆ ಹೊತ್ತುಕೊಂಡು ಹೋದರು ಅನ್ನುವುದು ಒಂದು. ಬಿರುಗಾಳಿ ಬರ್ತಾ ಇದೆ, ನಮ್ಮ ದ್ವೀಪದ ಗತಿ ಏನು ಅನ್ನುವುದು ಇನ್ನೊಂದು. ಇವರಿಬ್ಬರು ಆ ಹಾಡಿನ ಸಾಲುಗಳನ್ನೂ ಸ್ವರಲಿಪಿಯನ್ನೂ ಚಿತ್ರದ ಜೊತೆಗೇ ತಂದರು. ಹಾಡು, ಓದು, ನೋಟ ಎಲ್ಲಾ ಒಂದೇ ಹಾಳೆಯಲ್ಲಿ. ಓಮಾರ್ ಹಿಂದೆ ನ್ಯೂಯಾರ್ಕಿನಲ್ಲಿ ಕಾರ್ಟಿಯೆ ಒಡವೆ ಕಂಪನಿಯಲ್ಲಿ ವಿನ್ಯಾಸ ಮಾಡುತ್ತಿದ್ದವರು. ಒಡವೆ ಕೆಲಸದ ಆ ನಯ ಅವರ ಅಕ್ಷರಗಳಲ್ಲಿ ಎದ್ದು ಕಾಣುತ್ತೆ. ಸಿರಿವಂತರ ಕೊರಳಿಗೆ ದುಡಿದ ಕೈ ಬೀದಿ ಹಾಡಿಗೆ ಬಂತಲ್ಲ, ನನಗೆ ಅದು ದೊಡ್ಡ ವಿಷಯ.

ಆಗಿನ ಕಾಲ ಸ್ವಲ್ಪ ಹೇಳಬೇಕು. 1898ರಿಂದ ಆ ದ್ವೀಪ ಅಮೆರಿಕದ ಕೈಯಲ್ಲಿದೆ. ಕಬ್ಬನ್ನೇ ನಂಬಿದ್ದ ನಾಡಿಗೆ ದ್ವೀಪದ ಸರ್ಕಾರ ಫ್ಯಾಕ್ಟರಿಗಳನ್ನು ಕರೆತಂದಿತು. ಆದರೂ ಕೆಲಸ ಸಾಲದೆ ಲಕ್ಷಾಂತರ ಜನ ನ್ಯೂಯಾರ್ಕ್ ಕಡೆ ಹೊರಟರು. ಅದೇ ಸರ್ಕಾರ 1949ರಲ್ಲಿ ಸಮುದಾಯ ಶಿಕ್ಷಣ ವಿಭಾಗ ಅಂತ ಒಂದನ್ನು ತೆರೆಯಿತು. ಹಳ್ಳಿ ಹಳ್ಳಿಗೆ ಹೋಗಿ ಬಯಲಲ್ಲಿ ಪರದೆ ಕಟ್ಟಿ ಸಿನಿಮಾ ತೋರಿಸುವುದು, ಓದಲು ಪುಟ್ಟ ಪುಸ್ತಕ ಹಂಚುವುದು. ಆ ಸಿನಿಮಾಗಳ ಪೋಸ್ಟರ್ ಬರೆದವರು ಇದೇ ಓಮಾರ್, ತುಫಿನ್ಯೊ ಮುಂತಾದವರು. ಸಿಲ್ಕ್‌ಸ್ಕ್ರೀನ್. ಬಟ್ಟೆಯ ಜಾಲರಿಯಿಂದ ಮಸಿ ಇಳಿಸುವ ಅಚ್ಚು ಅದು. ಒಂದೊಂದು ಬಣ್ಣಕ್ಕೆ ಒಂದೊಂದು ಸಲ ಕಾಗದ ಇಟ್ಟು ಒತ್ತಬೇಕು.

ಇದನ್ನು ಒಬ್ಬ ಗೆಳೆಯನ ಹತ್ತಿರ ಹೇಳಿದೆ. "ಸರ್ಕಾರಿ ಪ್ರಚಾರ ಅಲ್ವಾ ಅದು? ಅದನ್ನ ಕಲೆ ಅಂತೀಯಾ?" ಅಂದ. ಸಂಬಳ ಕೊಟ್ಟಿದ್ದು ಸರ್ಕಾರ, ನಿಜ. ಆದರೆ 1950ರಲ್ಲಿ ಈ ಕಲಾವಿದರೇ ಸೇರಿ ಪೋರ್ಟೊ ರಿಕೊ ಕಲಾಕೇಂದ್ರ ಅಂತ ತಮ್ಮದೇ ಜಾಗ ಕಟ್ಟಿಕೊಂಡಿದ್ದರು. ಮೆಕ್ಸಿಕೋದ ಜನಪರ ಮುದ್ರಣ ಕಾರ್ಯಾಗಾರ ಅವರಿಗೆ ಮಾದರಿ. ಇದೇ ಬಳಗದ ಕಾರ್ಲೋಸ್ ರಾಕೆಲ್ ರಿವೆರಾ 1955ರಲ್ಲಿ ಕೆತ್ತಿದ ಲಿನೋಕಟ್ಟಿನ ಹೆಸರು 'ಉತ್ತರದ ಚಂಡಮಾರುತ'. ಉತ್ತರ ಅಂದ್ರೆ ಯಾವ ದೇಶ ಅಂತ ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಸಂಬಳ ತಗೊಂಡ ಮಾತ್ರಕ್ಕೆ ಇವರ ಕಣ್ಣು ಮುಚ್ಚಿರಲಿಲ್ಲ.

ಇನ್ನೂ ಒಂದು ಮಾತು. ಕಬ್ಬು ಕಡಿಯುವವನ ತೈಲಚಿತ್ರ ಮಾಡಿ ಶ್ರೀಮಂತರ ಹಾಲಿನಲ್ಲಿ ನೇತುಹಾಕಿದರೆ ಅದನ್ನು ಆ ಆಳು ನೋಡುವುದು ಯಾವಾಗ? ಅಚ್ಚಿನ ಚಿತ್ರ ಹಾಗಲ್ಲ. ಒಂದು ಹಲಗೆಯಿಂದ ಎಷ್ಟೋ ಪ್ರತಿ ತೆಗೆಯಬಹುದು. ಬೆಲೆಯೂ ಕಡಿಮೆ. ಪೋಸ್ಟರ್ ಅಂತೂ ಗೋಡೆ ಮೇಲೆ ಸುಮ್ನೆ ನೋಡಲು ಸಿಗುತ್ತಿತ್ತು. ಬಡವರನ್ನು ಚಿತ್ರಿಸಿದವರು ಜಗತ್ತಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಬಡವರ ಕಣ್ಣಿಗೆ ಬೀಳುವ ಕಡೆ ಚಿತ್ರ ಇಟ್ಟವರು ಕಡಿಮೆ. ಪೋಸ್ಟರ್ ಮಾಡಿದವರನ್ನು ಪೇಂಟರುಗಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂರಿಸುವುದನ್ನು ನಾನು ಒಪ್ಪುವುದಿಲ್ಲ, ಒಪ್ಪಲಾರೆ.

ಹಾಗಂತ ಪೇಂಟಿಂಗ್ ಬೇಡ ಅಂತಲ್ಲ. ತುಫಿನ್ಯೊ 1953ರಲ್ಲಿ ತಮ್ಮ ತಾಯಿಯ ಚಿತ್ರ ಬರೆದರು. ತಲೆಗೆ ಬಟ್ಟೆ ಕಟ್ಟಿದ ಕಪ್ಪು ಹೆಂಗಸು. ದುಡಿದು ದಣಿದ ಮುಖ, ಆದರೆ ಯಾರ ಮುಂದೆಯೂ ಬಾಗದ ಮುಖ. ಇವತ್ತು ಪೋರ್ಟೊ ರಿಕೊದ ಹೆಸರಾಂತ ಚಿತ್ರಗಳಲ್ಲಿ ಅದೂ ಒಂದು. ಆಕೆಯ ಹೆಸರು ಗ್ರೆಗೋರಿಯಾ. ಚಿತ್ರಕ್ಕೆ ಆ ಹೆಸರನ್ನೂ ಇಟ್ಟಿಲ್ಲ, 'ತಾಯಿ' ಅಂತಲೂ ಇಟ್ಟಿಲ್ಲ. 'ಗೋಯಿತಾ' ಅಂತ ಇಟ್ಟಿದ್ದಾರೆ. ಬಲ್ಲವರು ಪ್ರೀತಿಯಿಂದ ಕರೆಯುವ ಹೆಸರು.

ಹುಡುಕಿ ನೋಡಿ. ಸಾಧ್ಯ ಆದ್ರೆ ಫೋನಿನಲ್ಲಿ ಬೇಡ, ದೊಡ್ಡ ಪರದೆಯಲ್ಲಿ ನೋಡಿ. ಆಮೇಲೆ ಆ ಕಬ್ಬಿನ ಚಿತ್ರಕ್ಕೆ ಬನ್ನಿ, ಉಳಿಯ ಗುರುತುಗಳು ಕಾಣುವಷ್ಟು ದೊಡ್ಡದು ಮಾಡಿಕೊಂಡು.