"ಯಾಕೋ, ಅಮೇರಿಕ ಸಿಗ್ಲಿಲ್ವಾ?"

ಹೋದ ಚಳಿಗಾಲ ತಂಗಿ ಮಗನ ಮುಂಜಿಗೆ ಅಂತ ಮೈಸೂರಿಗೆ ಬಂದಿದ್ದೆ. ಪಂಕ್ತಿಲಿ ಕೂತಿದ್ದೀವಿ, ಎಲೆ ತುದಿಗೆ ಉಪ್ಪು, ಕೋಸಂಬ್ರಿ ಬಿದ್ದಾಗಿದೆ, ಪಕ್ಕದಲ್ಲಿ ಅಮ್ಮನ ಕಡೆ ಒಬ್ರು ಮಾವ. ಈಗ ಎಲ್ಲಪ್ಪಾ ಇರೋದು ಅಂದ್ರು. ಇನ್ನೂ ಬೀಜಿಂಗಲ್ಲೇ ಮಾವ ಅಂದೆ. ಅವರು ಸಾರಿಗೆ ಅನ್ನ ಗುಣಿ ಮಾಡ್ಕೋತಾ, ಒಂಚೂರೂ ಬೇಜಾರು ಮಾಡಿಸೋ ಉದ್ದೇಶ ಇಲ್ದೇನೇ, "ಯಾಕೋ, ಅಮೇರಿಕ ಸಿಗ್ಲಿಲ್ವಾ?" ಅಂದ್ಬಿಟ್ರು.

ಒಬ್ಬಟ್ಟು ಬಂತು, ತುಪ್ಪ ಬಂತು, ಮಾತು ಬೇರೆ ಕಡೆ ಹೋಯ್ತು. ಆದ್ರೆ ವಾಪಸ್ ಬರೋ ಫ್ಲೈಟಲ್ಲಿ ಪೂರ್ತಿ ಅದೇ ಮಾತು ತಲೇಲಿ. ಹದಿನಾಲ್ಕು ವರ್ಷದ ಕೆಲಸ, ಎರಡು ಸಲ ಸೊನ್ನೆಯಿಂದ ಕಟ್ಟಿದ ಟೀಮು, ಕಷ್ಟಪಟ್ಟು ಕಲಿತ ಭಾಷೆ, ಅದ್ಯಾವುದನ್ನೂ ಯಾರೂ ಕೇಳಲ್ಲ, ಊರಿನ ಹೆಸರು ಕೇಳಿದ ತಕ್ಷಣ ಲೆಕ್ಕ ಮುಗೀತು. ನ್ಯೂಜೆರ್ಸಿ ಅಂದ್ರೆ ಗೆದ್ದವನು, ಬೀಜಿಂಗ್ ಅಂದ್ರೆ ಅಲ್ಲಿ ಆಗದೆ ಇಲ್ಲಿಗೆ ಬಂದವನು. ಈ ಮಾತು ಬಂದಾಗೆಲ್ಲ ನಂಗೆ ಸ್ಟೀಫನ್ ಮಾರ್ಬರಿ ನೆನಪಾಗ್ತಾನೆ. ನಮ್ಮ ಕಡೆ ಬ್ಯಾಸ್ಕೆಟ್‌ಬಾಲ್ ನೋಡೋರು ಕಮ್ಮಿ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ನ್ಯೂಯಾರ್ಕಿನ ಬ್ರೂಕ್ಲಿನ್ನಲ್ಲಿ ಕೋನಿ ಐಲೆಂಡ್ ಅಂತ ಇದೆ, ಸಮುದ್ರದ ಪಕ್ಕ, ಸರ್ಕಾರಿ ವಸತಿ ಕಟ್ಟಡಗಳ ಏರಿಯಾ, ಅಲ್ಲಿ 1977ರಲ್ಲಿ ಹುಟ್ಟಿದ ಹುಡುಗ. 1996ರಲ್ಲಿ ಎನ್‌ಬಿಎ, ಅಂದ್ರೆ ಅಮೇರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್, ಅದರ ತಂಡಗಳು ಹೊಸ ಹುಡುಗರನ್ನ ಆರಿಸೋ ಡ್ರಾಫ್ಟಲ್ಲಿ ನಾಲ್ಕನೇ ಹೆಸರು. 2001, 2003 ಎರಡು ಸಲ ಆಲ್‌ಸ್ಟಾರ್, ಅಂದ್ರೆ ಲೀಗಿನ ಆಯ್ದ ಆಟಗಾರರ ಮ್ಯಾಚಿಗೆ ಆಯ್ಕೆ. ಆಮೇಲೆ ತನ್ನದೇ ಊರಿನ ನ್ಯೂಯಾರ್ಕ್ ನಿಕ್ಸ್ ತಂಡಕ್ಕೆ ಬಂದ, ಎಲ್ಲ ಕೆಟ್ಟಿದ್ದು ಅಲ್ಲೇ. ಕೋಚ್‌ಗಳ ಜೊತೆ ಜಗಳ, ಪೇಪರ್‌ಗಳಲ್ಲಿ ದಿನಾ ಬೈಗುಳ. 2007ರ ಡಿಸೆಂಬರಲ್ಲಿ ಮಗನ ತಂಡದ ಮ್ಯಾಚ್ ನೋಡೋಕೆ ಬಂದಿದ್ದ ಅಪ್ಪ ಹೃದಯಾಘಾತ ಆಗಿ ತೀರ್ಕೊಂಡ್ರು, ಆಟ ಮುಗಿದ ಮೇಲೆ ಮಗನಿಗೆ ಗೊತ್ತಾಗಿದ್ದು. ಅವನ ಹೆಸರಲ್ಲಿ ಒಂದು ಶೂ ಬಂದಿತ್ತು, ಬಡವರ ಮಕ್ಕಳೂ ಕೊಳ್ಳಲಿ ಅಂತ ಬರೀ 15 ಡಾಲರ್ ರೇಟಲ್ಲಿ, ಅದನ್ನ ಮಾರ್ತಿದ್ದ ಕಂಪನಿಯೂ 2008ರಲ್ಲಿ ಮುಳುಗಿತು. 2009ರಲ್ಲಿ ಇಂಟರ್ನೆಟ್ಟಲ್ಲಿ ಒಂದಿಡೀ ದಿನ ಲೈವ್ ಬಂದ, ಅಳ್ತಾನೆ, ವ್ಯಾಸ್‌ಲೀನ್ ತಿಂತಾನೆ, ಲೋಕ ಎಲ್ಲ ನಕ್ಕಿತು. ಆ ದಿನಗಳಲ್ಲಿ ಸಾಯಬೇಕು ಅನ್ನಿಸ್ತಿತ್ತು ಅಂತ ಎಷ್ಟೋ ವರ್ಷ ಆದ್ಮೇಲೆ ಅವನೇ ಹೇಳ್ಕೊಂಡ.

2010ರ ಜನವರೀಲಿ ಅವನು ಚೀನಾಗೆ ಬಂದಿಳಿದ. ಅದೂ ಶಾಂಘೈ ಅಲ್ಲ ಬೀಜಿಂಗ್ ಅಲ್ಲ, ಶಾನ್ಶಿ ಪ್ರಾಂತ್ಯದ ತೈಯುವಾನ್, ಕಲ್ಲಿದ್ದಲಿನ ಸೀಮೆ. ಚಳಿಗಾಲದಲ್ಲಿ ನಾನೂ ಒಂದ್ಸಲ ಹೋಗಿದ್ದೆ, ಕಿಟಕಿ ಮೇಲೆ ಬೆರಳಿಟ್ರೆ ಕಪ್ಪು ಅಂಟುತ್ತೆ. ಅಮೇರಿಕದಲ್ಲಿ ಏನಂದಿರ್ತಾರೆ ಬಿಡಿ, ನಮ್ಮ ಮಾವ ಅಂದಿದ್ದೇ, ಎನ್‌ಬಿಎ ಸಿಗ್ಲಿಲ್ಲ, ಅದಕ್ಕೇ ಅಲ್ಲಿಗೆ ಹೋದ. ಶಾನ್ಶಿ ತಂಡದವರು ಮುಂದುವರಿಸಲಿಲ್ಲ, ದಕ್ಷಿಣದ ಫೋಶಾನ್‌ಗೆ ಹೋದ, ಅಲ್ಲೂ ನೆಲೆ ನಿಲ್ಲಲಿಲ್ಲ. 2011ರಲ್ಲಿ ಬೀಜಿಂಗ್ ಡಕ್ಸ್.

ನಾನು ಬೀಜಿಂಗಿಗೆ ಬಂದಿದ್ದೂ ಅದೇ 2011ರ ಸೆಪ್ಟೆಂಬರಲ್ಲಿ. ಬಾಯಿಗೆ ಭಾಷೆ ಇಲ್ಲ, ಊಟ ಸೇರಲ್ಲ, ಅಮ್ಮ ಕಳಿಸಿದ್ದ ಚಟ್ನಿಪುಡಿ ಡಬ್ಬ ತಳ ಕಂಡಿತ್ತು. ಆಫೀಸಲ್ಲಿ ಊಟದ ಹೊತ್ತಲ್ಲಿ ಎಲ್ಲರ ಬಾಯಲ್ಲೂ ಮಾ ಬುಲಿ, ಮಾ ಬುಲಿ. ಮಾರ್ಬರಿ ಅನ್ನೋದನ್ನ ಅವರು ಹೇಳೋದು ಹಾಗೆ. ಡಕ್ಸ್ ಅಂದ್ರೆ ಶೌಗಾಂಗ್ ಉಕ್ಕಿನ ಕಾರ್ಖಾನೆಯ ತಂಡ, ಆವರೆಗೆ ಒಂದು ಸಲಾನೂ ಲೀಗ್ ಗೆದ್ದಿರಲಿಲ್ಲ. ಆ ವರ್ಷ ಶುರುವಲ್ಲೇ ಸಾಲಾಗಿ 13 ಮ್ಯಾಚ್ ಗೆದ್ರು. ಚೀನಾ ಲೀಗಲ್ಲಿ ಆಗ ತಂಡಕ್ಕೆ ಇಬ್ರೇ ಹೊರದೇಶದವರು, ಆಟದ ನಾಲ್ಕು ಕ್ವಾರ್ಟರಲ್ಲಿ ಇಬ್ರದ್ದೂ ಸೇರಿಸಿ ಆರು ಕ್ವಾರ್ಟರ್ ಮಾತ್ರ ಆಡಬಹುದು, ಅಂದ್ರೆ ಒಬ್ಬನೇ ಬಂದು ಎಲ್ಲ ಹೊಡೆದು ಹಾಕ್ತೀನಿ ಅಂದ್ರೆ ಆಗಲ್ಲ, ಜೊತೇಲಿರೋ ಚೀನೀ ಹುಡುಗರು ಆಡಬೇಕು, ಅವರನ್ನ ಆಡಿಸಬೇಕು. ಇವನು ಅದನ್ನೇ ಮಾಡಿದ. ಅಮೇರಿಕದಲ್ಲಿ ಸ್ವಾರ್ಥಿ, ಜೊತೆಗಾರರನ್ನ ಹಾಳು ಮಾಡ್ತಾನೆ ಅಂತ ಹೆಸರು ತಗೊಂಡಿದ್ದವನಿಗೆ ಇಲ್ಲಿನವರು ಇಟ್ಟ ಹೆಸರು ಮಾ ಝೆಂಗ್‌ವೇಯ್, ಸೈನ್ಯದಲ್ಲಿ ಸೈನಿಕರಿಗೆ ಧೈರ್ಯ ತುಂಬೋ ಅಧಿಕಾರಿ ಇರ್ತಾನಲ್ಲ ಅದು.

ಅದೇ ಸೀಸನ್ ಅಮೇರಿಕದಲ್ಲಿ ಎನ್‌ಬಿಎ ಲಾಕೌಟ್ ಆಗಿತ್ತು, ಮಾಲೀಕರಿಗೂ ಆಟಗಾರರಿಗೂ ಒಪ್ಪಂದ ಆಗದೆ ಆಟ ನಿಂತಿತ್ತು, ಕೆನ್ಯನ್ ಮಾರ್ಟಿನ್, ಜೆ.ಆರ್. ಸ್ಮಿತ್ ಥರದ ದೊಡ್ಡ ದೊಡ್ಡೋರೂ ಚೀನಾಗೆ ಬಂದಿದ್ರು. ಮಾರ್ಟಿನ್ ಡಿಸೆಂಬರಲ್ಲೇ ವಾಪಸ್, ಸ್ಮಿತ್ ಸೀಸನ್ ಮುಗಿಸಿ ವಾಪಸ್. ಒಂದು ಕಾಲು ಇಲ್ಲಿ ಒಂದು ಕಾಲು ಅಲ್ಲಿ. ಮಾರ್ಬರಿ ಉಳ್ಕೊಂಡ.

2012ರ ಮಾರ್ಚ್ 30, ಫೈನಲ್ಸಿನ ಐದನೇ ಮ್ಯಾಚು, ಎದುರಿಗೆ ಗುವಾಂಗ್‌ಡಾಂಗ್, ಹಿಂದಿನ ಎಂಟು ವರ್ಷದಲ್ಲಿ ಏಳು ಸಲ ಚಾಂಪಿಯನ್ ಆದ ತಂಡ. ನಾವು ಆಫೀಸಿನ ಏಳೆಂಟು ಜನ ಒಂದು ನೂಡಲ್ ಅಂಗಡಿ ಟಿವಿ ಮುಂದೆ. ನಂಗೆ ಆಟದ ರೂಲ್ಸೇ ಪೂರ್ತಿ ಗೊತ್ತಿರಲಿಲ್ಲ. 124-121, ಅದರಲ್ಲಿ ಅವನದ್ದೇ 41. ಮುಗಿದಾಗ ಅವನು ಅಳ್ತಿದ್ದ, ಅಂಗಡಿಯ ಅಜ್ಜ ಒಬ್ರು ಅಡುಗೆ ಮನೆಯಿಂದ ಆಚೆ ಬಂದು ನಿಂತ್ಕೊಂಡು ಅವರೂ ಅಳ್ತಿದ್ರು. ಯಾರೂ ಯಾಕೆ ಇವನು ಇಲ್ಲಿಗೆ ಬಂದ ಅಂತ ಕೇಳ್ತಿರಲಿಲ್ಲ. ನಾನು ಬೀಜಿಂಗಲ್ಲಿ ಸ್ವಲ್ಪ ದಿನ ಇದ್ದು ನೋಡೋಣ ಅಂತ ಅಂದ್ಕೊಂಡಿದ್ದು ಅವತ್ತೇ.

ಅದೇ ವರ್ಷ ವುಕೆಸೋಂಗ್ ಸ್ಟೇಡಿಯಂ ಹೊರಗೆ ಅವನ ಕಂಚಿನ ಪ್ರತಿಮೆ ನಿಲ್ಲಿಸಿದ್ರು. 2013ರ ಬೇಸಿಗೇಲಿ ಅಮ್ಮ ಬಂದಾಗ ಒಂದನೇ ಲೈನ್ ಮೆಟ್ರೋಲಿ ಕರ್ಕೊಂಡು ಹೋಗಿ ತೋರಿಸಿದೆ. ಅಮ್ಮ ತಲೆ ಎತ್ತಿ ನೋಡಿ ಕೇಳಿದ ಮೊದಲ ಪ್ರಶ್ನೆ, "ಪಾಪ, ಯಾವಾಗ ತೀರ್ಕೊಂಡ್ರಂತೆ?" ಇಲ್ಲಮ್ಮ, ಇನ್ನೂ ಆಡ್ತಿದಾನೆ, ಇದೇ ಬಿಲ್ಡಿಂಗಲ್ಲಿ, ಮ್ಯಾಚಿಗೆ ಇದೇ ಮೆಟ್ರೋಲಿ ಬಂದಿದ್ದೂ ಉಂಟಂತೆ ಅಂದೆ. ಅಮ್ಮಂಗೆ ನಂಬಿಕೆ ಬರಲಿಲ್ಲ. ಬದುಕಿರೋರಿಗೆ ಯಾಕೋ ಪ್ರತಿಮೆ ಅಂದ್ರು. ಅಮ್ಮನ ತಪ್ಪಲ್ಲ ಅದು, ನಮ್ಮೂರಲ್ಲಿ ಹಾರ ಬೀಳಬೇಕು ಅಂದ್ರೆ ಮೊದಲು ಉಸಿರು ನಿಲ್ಲಬೇಕು. ಆಮೇಲೆ ಸರ್ಕಲ್ಲು, ಆಮೇಲೆ ಪುಣ್ಯತಿಥಿ, ಆಮೇಲೆ ರಸ್ತೆಗೆ ಹೆಸರು. ಬದುಕಿದ್ದಾಗ ಪಕ್ಕದ ಮನೆಯವರು ಕೇಳೋದು ಎಷ್ಟು ಪ್ಯಾಕೇಜು, ಯಾವ ದೇಶ, ಇಷ್ಟೇ.

ಆಮೇಲಿಂದು ಬೇಗ ಹೇಳ್ಬಿಡ್ತೀನಿ. 2014ರಲ್ಲಿ ಶಿಂಜಿಯಾಂಗ್ ಮೇಲೆ, 2015ರಲ್ಲಿ ಲಿಯಾವ್‌ನಿಂಗ್ ಮೇಲೆ ಗೆದ್ದು ಒಟ್ಟು ಮೂರು ಟೈಟಲ್ಲು, ಕೊನೆಯದರಲ್ಲಿ 38ನೇ ವಯಸ್ಸಲ್ಲಿ ಫೈನಲ್ಸ್ ಎಂವಿಪಿ, ಅಂದ್ರೆ ಫೈನಲ್ಸಿನ ಅತ್ಯುತ್ತಮ ಆಟಗಾರ. ಬೀಜಿಂಗಿನ ಗೌರವ ನಾಗರಿಕ. ಅವನ ಬದುಕಿನ ಮೇಲೆ ಒಂದು ಸಂಗೀತ ನಾಟಕ ಮಾಡಿದ್ರು, ಅದರಲ್ಲಿ ಅವನ ಪಾತ್ರ ಅವನೇ ಮಾಡ್ದ. 2016ರಲ್ಲಿ ಚೀನಾದ ಗ್ರೀನ್ ಕಾರ್ಡ್, ಅದು ಇಲ್ಲಿ ಎಷ್ಟು ಕಷ್ಟ ಅನ್ನೋದು ವರ್ಷಾ ವರ್ಷಾ ವೀಸಾ ಕ್ಯೂಲಿ ನಿಲ್ಲೋ ನಮ್ಮಂಥೋರಿಗೇ ಗೊತ್ತು.

ನಂಗೆ ಇದೆಲ್ಲಕ್ಕಿಂತ ಮನಸ್ಸಲ್ಲಿ ಉಳ್ದಿರೋದು ಒಬ್ಬ ಟ್ಯಾಕ್ಸಿಯವನ ಮಾತು. ಅವನ ಅಪ್ಪ ಶೌಗಾಂಗ್ ಕಾರ್ಖಾನೇಲಿ ಇದ್ದೋರಂತೆ, ಕುಲುಮೆಗಳು ಬೀಜಿಂಗಿಂದ ಎತ್ತಂಗಡಿ ಆದಾಗ ಮನೇಲಿ ಸಾವಾದಂಗಿತ್ತಂತೆ. ನಾನು ಇಂಡಿಯಾದವನು, ಇಷ್ಟು ವರ್ಷದಿಂದ ಇಲ್ಲೇ ಇದೀನಿ ಅಂದಾಗ ಕನ್ನಡಿಯಲ್ಲಿ ನೋಡಿ, ಹಾಗಾದ್ರೆ ನೀನೂ ಲಾವ್ ಮಾ ಥರ ಅಂದ. ಲಾವ್ ಮಾ ಅಂದ್ರೆ ನಮ್ಮ ಹಳೇ ಮಾ, ಹಳೇ ಸ್ನೇಹಿತನನ್ನ ಕರೆಯೋ ಸಲುಗೆ ಅದು. ಮಾ ಅಂದ್ರೆ ಕುದುರೆ ಅಂತಾನೂ ಇದೆ, ಹಳೇ ಕುದುರೆಗೆ ದಾರಿ ಗೊತ್ತು ಅಂತ ಅವರಲ್ಲಿ ಗಾದೆ. ಮನೆ ಬಾಗಿಲಲ್ಲಿ ಇಳ್ದ ಮೇಲೂ ಸ್ವಲ್ಪ ಹೊತ್ತು ಫುಟ್‌ಪಾತಲ್ಲೇ ನಿಂತಿದ್ದೆ. ಮೈಸೂರಲ್ಲಿ ನನ್ನ ಮನೆಯವರೇ ಕೊಡದ ಜಾಗ ಇಲ್ಲಿ ಒಬ್ಬ ಗುರುತಿಲ್ಲದವನು ಕೊಟ್ಟ ಅನ್ನಿಸ್ತು.

ಒಂದು ವಿಷಯ ಮಾತ್ರ ನಂಗೂ ಒಪ್ಪಿಗೆ ಆಗಲ್ಲ, ಇಷ್ಟು ವರ್ಷ ಇದ್ದೂ ಅವನು ಚೈನೀಸ್ ಸರಿಯಾಗಿ ಕಲೀಲಿಲ್ಲ, ಪಕ್ಕದಲ್ಲಿ ದುಭಾಷಿ ಇರಲೇಬೇಕು. ಬೀಜಿಂಗಿನವರು ಅದನ್ನ ಮನಸ್ಸಿಗೆ ಹಾಕ್ಕೊಳ್ಳಲಿಲ್ಲ. ಬೆಂಗಳೂರಿಗೆ ಬಂದು ಹತ್ತು ವರ್ಷ ಆದ್ರೂ ಒಂದು ಕನ್ನಡ ಮಾತು ಆಡದವರನ್ನ ಕಂಡ್ರೆ ನಂಗೆ ಸಿಟ್ಟು ಬರುತ್ತೆ, ಅದನ್ನ ಬಿಡೋಕೆ ನಾನು ತಯಾರಿಲ್ಲ.

ಇನ್ನು ಬೀಜಿಂಗ್ ಏನು ಸ್ವರ್ಗ ಅಲ್ಲ, ಅದನ್ನೂ ಹೇಳಬೇಕು. 2017ರಲ್ಲಿ ಅವನಿಗೆ 40, ಇನ್ನೊಂದು ವರ್ಷ ಆಡ್ತೀನಿ ಅಂದ, ಡಕ್ಸ್ ತಂಡದವರು ಬೇಡ ಅಂದ್ರು. ಪ್ರತಿಮೆ ನಿಲ್ಲಿಸಿಕೊಂಡವನು ಅದೇ ಊರಿನ ಇನ್ನೊಂದು ತಂಡಕ್ಕೆ ಹೋಗಿ ಆಡಬೇಕಾಯ್ತು. 2018ರ ಫೆಬ್ರವರಿ 11ಕ್ಕೆ ಕೊನೇ ಮ್ಯಾಚು, ಜಿಯಾಂಗ್ಸು ಮೇಲೆ, 20 ಪಾಯಿಂಟ್ ಹೊಡ್ದು ಗೆಲ್ಲಿಸಿ ಹೋದ. ಮತ್ತೆ ಅವನಷ್ಟೇ ದೂರದಿಂದ ಬರೋ ಬೇರೆ ಆಟಗಾರರು ಎಷ್ಟೋ ಜನ, ನಾಲ್ಕು ಮ್ಯಾಚಲ್ಲಿ ಸ್ಕೋರ್ ಮಾಡ್ಲಿಲ್ಲ ಅಂದ್ರೆ ಸೀಸನ್ ಮಧ್ಯಾನೇ ಟಿಕೆಟ್ ಕೈಗೆ ಕೊಟ್ಟು ಕಳಿಸ್ತಾರೆ, ಅವರ ಹೆಸರು ಯಾವ ಟ್ಯಾಕ್ಸಿಯವನಿಗೂ ನೆನಪಿರಲ್ಲ. ಅವನು ಗೆದ್ದ, ಅದಕ್ಕೇ ಲಾವ್ ಮಾ ಆದ. ಗೆಲ್ಲದೇ ಇದ್ದಿದ್ರೆ ಏನಾಗ್ತಿತ್ತು ಅಂತ ಯೋಚಿಸಿದಾಗ ನನ್ನ ವಾದ ಸ್ವಲ್ಪ ಅಲ್ಲಾಡುತ್ತೆ. ಅವನೂ ಊರನ್ನ ಪೂರ್ತಿ ಬಿಟ್ಟವನಲ್ಲ, 2020ರಲ್ಲಿ ನ್ಯೂಯಾರ್ಕಲ್ಲಿ ಕೊರೊನಾಗೆ ಜನ ಸಾಯ್ತಿದ್ದಾಗ ಚೀನಾದಿಂದ 1 ಕೋಟಿ ಮಾಸ್ಕ್ ಲಾಭ ಇಲ್ದೆ ಕಳಿಸ್ತೀನಿ ಅಂತ ಓಡಾಡಿದ. ಬೈದು ಓಡಿಸಿದ ಊರು ಅದು. ಅದನ್ನ ಓದಿದ ದಿನ ನಾನು ಮೈಸೂರಿಗೆ ಫೋನ್ ಮಾಡಿ ಅಮ್ಮನ ಜೊತೆ ಒಂದು ಗಂಟೆ ಮಾತಾಡಿದ್ದೆ.

ಈಗ ಮಾವನ ವಿಷಯ. ಇದನ್ನ ಬರೀಬಾರದು ಅಂದ್ಕೊಂಡಿದ್ದೆ, ಆದ್ರೆ ಬಿಟ್ರೆ ಮೋಸ ಆಗುತ್ತೆ. ಹೋದ ವಾರ ಹಬ್ಬದ ಶುಭಾಶಯ ಹೇಳೋಕೆ ಅವರಿಗೆ ಫೋನ್ ಮಾಡಿದಾಗ ತಡ್ಕೊಳ್ಳೋಕಾಗದೆ ಈ ಮಾರ್ಬರಿ ಕಥೆ ಪೂರ್ತಿ ಹೇಳ್ದೆ, ಪ್ರತಿಮೆ, ನೂಡಲ್ ಅಂಗಡಿ, ಅಜ್ಜನ ಅಳು ಎಲ್ಲ. ನಮ್ಮಲ್ಲಿ ಹೀಗೆ ಯಾರನ್ನಾದ್ರೂ ಅಪ್ಪಿಕೊಳ್ತಾರಾ ಮಾವ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು, 2015ರ ನವೆಂಬರಲ್ಲಿ ನೀನು ಇಲ್ಲಿರಲಿಲ್ಲ ಅಲ್ವಾ ಅಂದ್ರು. ಚಿನ್ನಸ್ವಾಮೀಲಿ ಟೆಸ್ಟು, ಸೌತ್ ಆಫ್ರಿಕಾ ಮೇಲೆ, ಎಬಿ ಡಿ ವಿಲಿಯರ್ಸ್‌ದು ನೂರನೇ ಟೆಸ್ಟು. ಅವನು ಬ್ಯಾಟ್ ಹಿಡ್ಕೊಂಡು ಇಳ್ದಾಗ ಇಡೀ ಸ್ಟೇಡಿಯಂ ಎದ್ದು ಎಬಿಡಿ ಎಬಿಡಿ ಅಂತ ಕೂಗಿತ್ತು, ಎದುರಾಳಿ ತಂಡದವನು, ಬೌಲಿಂಗ್ ಮಾಡ್ತಿದ್ದವರು ನಮ್ಮವರು. 85 ಹೊಡ್ದ. ಮಿಕ್ಕ ನಾಲ್ಕು ದಿನ ಮಳೆ ತಿಂತು. "ನಾನೂ ಕೂಗಿದ್ದೆ ಕಣೋ, ಗಂಟಲು ಹೋಗಿತ್ತು, ನಿಮ್ಮತ್ತೆ ಎರಡು ದಿನ ಶುಂಠಿ ಕಷಾಯ ಮಾಡ್ಕೊಟ್ಲು" ಅಂದ್ರು. ನಂಗೆ ಏನು ಹೇಳ್ಬೇಕು ತೋಚಲಿಲ್ಲ. ಅನಿಲ್ ಕುಂಬ್ಳೆ ಸರ್ಕಲ್ ಕೂಡ ಬದುಕಿರೋರ ಹೆಸರಲ್ಲೇ ಇರೋದು, ಅದೂ ಆಮೇಲೆ ನೆನಪಾಯ್ತು.

ಫೋನ್ ಇಡೋ ಮುಂಚೆ ಅವರೇ ಕೇಳಿದ್ರು, "ನಿನ್ನ ಕೆಲಸ ಏನೋ ಅಲ್ಲಿ, ಸರಿಯಾಗಿ ಹೇಳು ನೋಡೋಣ, ಯಾವತ್ತೂ ಹೇಳೇ ಇಲ್ವಲ್ಲ." ಹೇಳ್ತಾ ಹೋದೆ. ಇಲ್ಲಿ ರಾತ್ರಿ ಹನ್ನೊಂದೂವರೆ ಆಗಿತ್ತು, ಅಲ್ಲಿ ಒಂಬತ್ತು, ಹಿಂದೆ ಅತ್ತೆ ಊಟಕ್ಕೆ ಕರೀತಿದ್ದಿದ್ದು ಕೇಳಿಸ್ತಿತ್ತು, ಮಾವ ಏಳಲಿಲ್ಲ.