ಉಂಡಿತೇನ್ರಿ ನಿಮ್ಮ ಹಾವು?

ಮೊದ್ಲೆಲ್ಲ ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಹೋದ್ರೆ ಜನ ಶುಗರ್ ಎಷ್ಟೈತ್ರಿ, ಬಿಪಿ ಎಷ್ಟೈತ್ರಿ ಅಂತ ಕೇಳೋರು. ಈಗ ಎದುರಿಗೆ ಸಿಕ್ಕೋರೆಲ್ಲ ಒಂದೇ ಪ್ರಶ್ನೆ, "ಏನ್ ಸರ್, ಉಂಡಿತೇನ್ರಿ?" ಯಾರು ಉಂಡಿದ್ದು ಅಂತ ಬಿಡಿಸಿ ಹೇಳೋದೂ ಇಲ್ಲ. ನಮ್ಮನೆ ಹಾವು ಊಟ ಬಿಟ್ಟಿರೋ ಸುದ್ದಿ ಇಡೀ ಏರಿಯಾಕ್ಕೆ ಗೊತ್ತು. ಇವತ್ತು ಹಾಲಿನ ಅಂಗಡಿ ಹುಡುಗ ಚಿಲ್ಲರೆ ಕೊಡೋಕೂ ಮುಂಚೆ ಅದನ್ನೇ ಕೇಳಿದ. ಯುಗಾದಿಯಿಂದ ನಾನು ಮಂಡಿ ನೋವು ಅಂತ ಕುಂಟ್ಕೊಂಡು ಓಡಾಡ್ತಿದೀನಿ, ಒಬ್ಬ ನರಪಿಳ್ಳೆ ಕೇಳಿಲ್ಲ.

ಹಾವು ನಂದಲ್ಲ, ಮಗಂದು. ಬೆಂಗಳೂರಲ್ಲಿ ಪಿಜಿಲಿ ಇಟ್ಕೊಂಡಿದ್ದ, ಅಲ್ಲಿನ ಆಂಟಿ ಒಂದಿನ ನೋಡಿ ಕಿರುಚಿ ರಂಪ ಮಾಡಿದ್ದಕ್ಕೆ, "ಅಪ್ಪಾ, ಎಕ್ಸಾಮ್ ಮುಗಿಯೋ ತನಕ ಅಷ್ಟೇ" ಅಂತ ಗಾಜಿನ ಪೆಟ್ಟಿಗೆ ಸಮೇತ ತಂದು ಬಿಟ್ಟು ಹೋದ. ಬಾಲ್ ಪೈಥಾನ್ ಅಂತ, ಹೆಬ್ಬಾವಿನ ಜಾತಿ. ಪಶ್ಚಿಮ ಆಫ್ರಿಕಾದ ಘಾನಾ, ಟೋಗೋ ಕಡೇದು, ವಿಷ ಇಲ್ಲ, ಹೆದರಿದ್ರೆ ಕಚ್ಚೋಕೆ ಬರೋದಕ್ಕಿಂತ ತಲೆ ಒಳಗಿಟ್ಕೊಂಡು ತಂಬಿಟ್ಟಿನ ಉಂಡೆ ತರ ಸುತ್ಕೊಂಡು ಕೂತ್ಬಿಡ್ತದೆ, ಅದಕ್ಕೇ ಹೆಸರು ಗುಂಡ. ಇನ್ನೂ ಮರಿ, ವಾರಕ್ಕೊಂದು ಇಲಿಮರಿ ಹಾಕಿದ್ರೆ ಸಾಕಂತೆ. ಈ ಪುಣ್ಯಾತ್ಮ ದಾವಣಗೆರೆಗೆ ಬಂದಾಗಿಂದ ಒಂದನ್ನೂ ಮೂಸಿ ನೋಡಿರಲಿಲ್ಲ.

ವಾಕಿಂಗ್ ಗೆಳೆಯರೊಬ್ರು ರಿಟೈರ್ಡ್ ಗುಮಾಸ್ತರು, ದಿನಾ ನನ್ನನ್ನ ಜೈಲಿಗೆ ಕಳಿಸ್ತಿದ್ರು. ನಮ್ಮ ಕಾಡಿನ ಹೆಬ್ಬಾವಾಗಿದ್ರೆ ಅವರು ಹೇಳೋದು ಸರಿ, 1972ರ ವನ್ಯಜೀವಿ ಕಾಯ್ದೆ ಬಿಡಲ್ಲ. ಇದು ಹೊರದೇಶದ್ದು, 2024ರಲ್ಲಿ ಬಂದ ನಿಯಮದ ಪ್ರಕಾರ ಮಗ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ರಿಜಿಸ್ಟರ್ ಮಾಡಿಸಿದಾನೆ, ಕಾಗದ ಎಲ್ಲ ಸರಿ ಐತೆ ಅಂದೆ. "ಕಾಗದ ಇರ್ಲಿ, ಉಂಡಿತಾ?" ಅಂದ್ರು.

ಇದೆಲ್ಲ ತಡ್ಕೋಬಹುದು. ತಡ್ಕೊಳ್ಳೋಕಾಗದೇ ಇರೋದು ನಮ್ಮವ್ವ.

ನಮ್ಮದು ಮೊಟ್ಟೆ ಅನ್ನೋ ಶಬ್ದಾನೂ ಹೊಸ್ತಿಲು ದಾಟದ ಮನೆ. ಬೆಂಗಳೂರಿಂದ ಥರ್ಮಾಕೋಲ್ ಡಬ್ಬೀಲಿ ಐಸ್ ಹಾಕ್ಕೊಂಡು ಇಲಿಮರಿಗಳು ಬಸ್ಸಲ್ಲಿ ಬಂದ ದಿನ ಅವ್ವ ಅಡಿಗೆಮನೆ ಫ್ರಿಜ್ ಮುಂದೆ ಅಡ್ಡ ನಿಂತು "ನನ್ನ ಹೆಣದ ಮೇಲೆ ಇಡು" ಅಂದ್ಲು. ಕೊನೆಗೆ ಹಿತ್ತಲ ಕೋಣೆಗೆ ಒಂದು ಸೆಕೆಂಡ್ ಹ್ಯಾಂಡ್ ಫ್ರಿಜ್ ಬಂತು. ಅಲ್ಲಿಗೆ ಮುಗೀತು ಅಂದ್ಕೊಂಡೆ. ಆದ್ರೆ ಮಾರನೇ ವಾರ ಹಾವು ಏನೂ ತಿಂದಿಲ್ಲ ಅಂತ ಕಿವಿಗೆ ಬಿದ್ದಿದ್ದೇ ತಡ, ಅವ್ವನ ಪಾರ್ಟಿ ಬದಲಾಗಿಹೋಯ್ತು. "ಅಯ್ಯೋ ಶಿವನೇ, ಉಪಾಸ ಐತೇನ್ಲೇ ಕೂಸು? ಒಂದು ಇಲೀನಾದ್ರೂ ತಿನ್ನೋಕೇನಾಗೈತೆ ಅದಕ್ಕೆ?"

ಅವ್ವನ ಪ್ರಕಾರ ಯಾರೇ ಆಗ್ಲಿ ಉಣ್ಣದೇ ಇದ್ರೆ ಅದಕ್ಕೆ ಔಷಧ ಒಂದೇ, ಎದುರಿಗೆ ಕೂತು ನೋಡ್ತಾ ಇರೋದು. ಹೋಗೋವಾಗೊಂದ್ಸಲ ಬರೋವಾಗೊಂದ್ಸಲ ಕೋಣೆ ಬಾಗಿಲು ತಗೀತಾಳೆ, ಟ್ಯೂಬ್‌ಲೈಟ್ ಹಾಕ್ತಾಳೆ, ಪೆಟ್ಟಿಗೆ ಮೇಲೆ ಹೊದಿಸಿದ ಟವೆಲ್ ಎತ್ತಿ "ಉಣ್ಣಪ್ಪಾ, ಗುಂಡಪ್ಪಾ" ಅಂತಾಳೆ, ಅದು ಮತ್ತಿಷ್ಟು ಬಿಗಿಯಾಗಿ ಸುತ್ಕೋತದೆ, "ನೋಡು, ಎಷ್ಟು ಸೊರಗೈತೆ" ಅಂತ ಹೊರಗೆ ಬರ್ತಾಳೆ. ಸೊರಗಿಲ್ಲ. ಅದಕ್ಕಂತಲೇ ತಂದ ಗ್ರಾಂ ತಕ್ಕಡೀಲಿ ತೂಗಿ ತೋರಿಸಿದೆ, ತೂಕ ಹಾಗೇ ಇತ್ತು. "ತಕ್ಕಡಿಗೇನು ಗೊತ್ತಾಗ್ತೈತೆ" ಅಂದ್ಲು.

ಮಗ ಬೆಂಗಳೂರಿಂದ ವಾಯ್ಸ್ ಮೆಸೇಜ್ ಮೇಲೆ ವಾಯ್ಸ್ ಮೆಸೇಜ್. ಹೊಸ ಜಾಗಕ್ಕೆ ಬಂದ ಹಾವನ್ನ ಒಂದು ವಾರ ಮುಟ್ಟಬಾರ್ದು, ಇಣುಕಬಾರ್ದು. ಮೈ ಸುತ್ತ ಒತ್ತಿದಂಗಿರೋ ಸಣ್ಣ ಗೂಡು ಎರಡು ಇಡ್ಬೇಕು, ಬಿಸಿ ಕಡೆ ಒಂದು, ತಂಪು ಕಡೆ ಒಂದು. ಬಿಸಿ ಕಡೆ 32 ಡಿಗ್ರಿ, ತಂಪು ಕಡೆ 26. ಅಲ್ಲಪ್ಪಾ, ದಾವಣಗೆರೆ ಬೇಸಿಗೇಲಿ ಇಡೀ ಮನೇನೇ ಬಿಸಿ ಕಡೆ, 26 ಡಿಗ್ರಿ ಇರೋ ಜಾಗ ಸಿಕ್ಕಿದ್ರೆ ಮೊದ್ಲು ನಾನು ಹೋಗಿ ಮಲಗ್ತೀನಿ. ಕೊನೆಗೆ ಮನೇಲಿದ್ದ ಒಂದೇ ಕೂಲರ್ ಹಾವಿನ ಕೋಣೆಗೆ ಹೋಯ್ತು, ಅದರ ಮುಂದೆ ಥರ್ಮಾಮೀಟರ್ ಇಟ್ಟು ಕಾಯೋ ಕೆಲ್ಸ ನಂಗೆ ಬಂತು. ಪಕ್ಕದ್ಮನೆ ಅಕ್ಕೋರು ಲೋಟದಲ್ಲಿ ಹಾಲು ತಂದ್ರು. ಹಾವು ಹಾಲು ಕುಡಿಯಲ್ಲ ರೀ, ಅದೂ ಇದು ಆಫ್ರಿಕಾದ್ದು, ಇದಕ್ಕೆ ನಾಗರ ಪಂಚಮಿ ಅಂದ್ರೇನು ಅಂತಾನೇ ಗೊತ್ತಿಲ್ಲ ಅಂತ ಹೇಳಿ ನಾನೇ ಕುಡಿದೆ.

ಈಗ ಹೇರ್ ಡ್ರೈಯರ್ ವಿಷ್ಯಕ್ಕೆ ಬರ್ತೀನಿ. ಈ ಹಾವಿನ ಮೇಲ್ತುಟಿ ಉದ್ದಕ್ಕೂ ಸಣ್ಣ ಸಣ್ಣ ಗುಳಿ ಇರ್ತಾವೆ, ಅದರಲ್ಲಿ ಅದು ಎದುರಿಗಿರೋದರ ಮೈ ಬಿಸಿ ಗುರುತು ಹಿಡೀತದೆ, ತಣ್ಣಗಿರೋ ಇಲಿ ಅದರ ಲೆಕ್ಕದಲ್ಲಿ ಇಲೀನೇ ಅಲ್ಲ. ಅದಕ್ಕೆ ಫ್ರೀಜರಿಂದ ತೆಗೆದ ಇಲಿಮರೀನ ನಿಧಾನಕ್ಕೆ ಕರಗಿಸಿ, ಕವರಲ್ಲಿ ಹಾಕಿ ಬಿಸಿನೀರಲ್ಲಿ ಮುಳುಗಿಸಿ, ಕೊನೇಲಿ ತಲೆ ಭಾಗಕ್ಕೆ ಸ್ವಲ್ಪ ಹೇರ್ ಡ್ರೈಯರ್ ಹಿಡೀಬೇಕು ಅಂತ ಮಗನ ಆರ್ಡರ್. ಹೆಂಡ್ತಿ ಮಲಗಿದ ಮೇಲೆ ಅವಳ ಡ್ರೈಯರ್ ಎತ್ಕೊಂಡು ಹಿತ್ತಲಿಗೆ ಬಂದೆ. ಒಂದು ಕೈಲಿ ಇಕ್ಕಳ, ಇಕ್ಕಳದಲ್ಲಿ ಇಲಿ, ಇನ್ನೊಂದು ಕೈಲಿ ಡ್ರೈಯರ್. ಆ ರಾತ್ರೀನೇ ನಲ್ಲಿ ನೀರು ಬರ್ಬೇಕಾ? ಪಕ್ಕದ್ಮನೆಯೋರು ಮೋಟಾರ್ ಹಾಕೋಕೆ ಹೊರಗೆ ಬಂದೋರು ಕಾಂಪೌಂಡ್ ಆಚೆ ಹಂಗೇ ನಿಂತ್ರು.

"ಏನ್ರೀ ಸರ್, ಇಷ್ಟೊತ್ತಲ್ಲಿ?"

"ಏನಿಲ್ಲ, ಇಲಿ ಬಿಸಿ ಮಾಡ್ತಿದೀನಿ."

ಸ್ವಲ್ಪ ಹೊತ್ತು ಡ್ರೈಯರ್ ಸದ್ದು ಒಂದೇ.

"ಅದಕ್ಕೆ ಚಳಿ ಏನ್ರಿ?"

"ಇಲ್ರೀ, ಅದು ಸತ್ತೈತೆ."

ಅವರು ಮೋಟಾರ್ ಹಾಕದೇನೇ ಒಳಗೆ ಹೋದ್ರು. ಅವತ್ತು ಅವರ ಸಂಪು ತುಂಬಿಲ್ಲ, ಅದಕ್ಕೂ ನಾನೇ ಕಾರಣ ಅಂತ ಮಾತು ಬಂದಿದೆ.

ಇಷ್ಟೆಲ್ಲ ಆಗಿ ಕೋಣೆಗೆ ಬಂದು, ಲೈಟ್ ಆರಿಸಿ, ಉದ್ದದ ಇಕ್ಕಳದಲ್ಲಿ ಇಲೀನ ಗೂಡಿನ ಬಾಯಿ ಹತ್ರ ಹಿಡಿದು ಉಸಿರು ಬಿಗಿ ಹಿಡ್ಕೊಂಡು ನಿಂತೆ. ಮಂಡಿ ಜೀವ ಹಿಂಡ್ತಿತ್ತು. ಗುಂಡ ಮೆಲ್ಲಗೆ ತಲೆ ಹೊರಗೆ ಹಾಕ್ದ. ನಾಲಿಗೆ ಆಡಿಸ್ದ. ಕುತ್ತಿಗೇನ ಹಿಂದಕ್ಕೆಳೆದು ಮಡಚ್ಕೊಂಡ, ಇನ್ನೇನು ಹಾರಿ ಹಿಡೀಬೇಕು, ಅಷ್ಟ್ರಲ್ಲಿ ದಡದಡ ದಡದಡ ಅಂತ ಹೆಜ್ಜೆ ಸದ್ದು, ಬಾಗಿಲು ತೆಗೀತು, ಮೊಬೈಲ್ ಟಾರ್ಚ್ ನೇರ ಹಾವಿನ ಮುಖಕ್ಕೆ ಬಿತ್ತು, "ಉಂಡಿತಾ?"

ಉಂಡೆ ಆಯ್ತು. ಬೆಳಿಗ್ಗೆ ತನಕ ಬಿಚ್ಚಿಲ್ಲ.

ಬೈಯ್ಯೋಕೆ ಬಾಯಿ ತೆಗೆದೆ, ಅವ್ವನ ಮುಖ ನೋಡಿ ಸುಮ್ಮನಾದೆ. ಒಂದು ಕಾಲಕ್ಕೆ ಈ ಮನೇಲಿ ದಿನಾ ಎರಡು ಹೊತ್ತು ಹದಿನೈದು ಎಲೆ ಬೀಳ್ತಿದ್ವು, ರೊಟ್ಟಿ ಬಡಿಯೋ ಸದ್ದಿಗೆ ನಮಗೆ ಎಚ್ಚರ ಆಗ್ತಿತ್ತು. ಈಗ ನನಗೆ ಶುಗರ್ ಅಂತ ಅನ್ನ ಇಲ್ಲ, ಹೆಂಡ್ತಿಗೆ ಅದೇನೋ 16 ತಾಸು ಉಪವಾಸ, ಮೊಮ್ಮಗ ಫೋನ್ ಎತ್ತಿದ್ರೆ "ಆರ್ಡರ್ ಮಾಡ್ಕೊಂಡೆ ಅಜ್ಜಿ" ಅಂತಾನೆ. ಬೆಣ್ಣೆ ಕಾಸಿ ಇಟ್ಟ ತುಪ್ಪ ಹಂಗೇ ಇರ್ತದೆ. ಬಡಿಸೋಕೆ ಉಳಿದಿದ್ದು ಈ ಹಾವೊಂದೇ, ಅದೂ ಒಲ್ಲೆ ಅಂತು.

ಹೋದ ವಾರ ಹರಿಹರದಲ್ಲಿ ನೆಂಟರ ಮದ್ವೆ, ಹಿಂದಿನ ದಿನವೇ ಎಲ್ರೂ ಹೊರಟ್ವಿ. ಸಂಜೆ ಹೋಗೋವಾಗ ಇಲಿ ಬಿಸಿ ಮಾಡಿ ಗೂಡಿನ ಮುಂದೆ ಇಟ್ಟು, ಕೋಣೆಗೆ ಬೀಗ ಹಾಕಿ, ಬೀಗದ ಕೈ ನನ್ನ ಜೇಬಿಗೆ ಹಾಕ್ಕೊಂಡೆ. ಅವ್ವ ಬಸ್‌ಸ್ಟಾಂಡ್ ತನಕ ಕೇಳಿದ್ಲು, ಕೊಡಲಿಲ್ಲ. ಬಂದು ನೋಡಿದ್ರೆ ಇಲಿ ಇಲ್ಲ. ಹಾವಿನ ನಡುವಲ್ಲಿ ಉಬ್ಬು.

ಖುಷಿ ಪಡ್ತಾಳೆ ಅಂದ್ಕೊಂಡೆ. ಪೆಟ್ಟಿಗೆ ಮುಂದೆ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತು, "ನಾನಿಲ್ದಾಗ ಉಂಡೈತೆ" ಅಂದ್ಲು. ಆಮೇಲೆ ನನ್ನ ಕಡೆ ತಿರುಗಿ, "ಒಂದೇ ಹಾಕಿದ್ಯಾ? ನಾವೆಲ್ಲ ಅಲ್ಲಿ ಮೂರ್ಮೂರು ಹೋಳಿಗೆ ತಿಂದ್ವಿ, ಅದಕ್ಕೆ ಒಂದೇನಾ?"

ಉಂಡ ಮೇಲೆ ಎರಡು ದಿನ ಮುಟ್ಟಬಾರ್ದು, ಮುಟ್ಟಿದ್ರೆ ಕಕ್ಕಿಬಿಡಬಹುದು ಅಂತ ಹೇಳಿದ್ದಕ್ಕೆ ಈಗ ಕಾವಲು ಕೂತಿದಾಳೆ, ಕೋಣೆ ಹತ್ರ ನನ್ನನ್ನೇ ಬಿಡ್ತಿಲ್ಲ. ಮಗನ ಎಕ್ಸಾಮ್ ಮುಗಿದು ಎಷ್ಟೋ ದಿನ ಆಯ್ತು, ಹಾವಿನ ಸುದ್ದಿ ತೆಗೆದ್ರೆ "ನೆಟ್‌ವರ್ಕ್ ಇಲ್ಲಪ್ಪಾ" ಅಂತಾನೆ. ಈ ಜಾತಿ ಹಾವು ಚೆನ್ನಾಗಿ ನೋಡ್ಕೊಂಡ್ರೆ 20-30 ವರ್ಷ ಬದುಕ್ತಾವಂತೆ. ನನಗೀಗ 56.

ಮುಂದಿನ ಊಟ ಲೆಕ್ಕದ ಪ್ರಕಾರ ಸೋಮವಾರಕ್ಕೆ ಬೀಳ್ತದೆ. ಸೋಮವಾರ ನಮ್ಮ ಮನೇಲಿ ಇಲಿ ಕೊಡಂಗಿಲ್ಲ ಅಂತ ಅವ್ವ ಕಡ್ಡಿ ಮುರಿದಂಗೆ ಹೇಳಿದಾಳೆ. ಹಂಗಾದ್ರೆ ಮಂಗಳವಾರ ಹಾಕ್ತೀನಿ ಅಂದೆ.

"ಒಂದಿನ ಉಪಾಸ ಕೆಡವ್ತೀಯೇನ್ಲೇ? ಭಾನುವಾರನೇ ಹಾಕು."