ಮೊದಲಿಗ ಜಾನ್ಸನ್ ಅಲ್ಲ, ಡಿಕ್ಸನ್

'ಜಗತ್ತಿನ ಮೊದಲ ಕಪ್ಪು ವರ್ಣೀಯ ಬಾಕ್ಸಿಂಗ್ ಚಾಂಪಿಯನ್ ಜಾಕ್ ಜಾನ್ಸನ್' ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಪೂರ್ತಿ ಸುಳ್ಳೇನಲ್ಲ, 'ಹೆವಿವೇಟ್' (ಅತಿ ಹೆಚ್ಚು ದೇಹತೂಕದವರ ವಿಭಾಗ) ಎಂಬ ಒಂದು ಪದ ಬಿಟ್ಟುಹೋಗಿದೆ, ಅಷ್ಟೇ. ಆದರೆ ಆ ಒಂದು ಪದದ ಜೊತೆಗೆ ಒಬ್ಬ ಮನುಷ್ಯನೇ ಮರೆಯಾಗಿಬಿಟ್ಟಿದ್ದಾನೆ.

ಜಾನ್ಸನ್ ಸಿಡ್ನಿಯಲ್ಲಿ ಟಾಮಿ ಬರ್ನ್ಸ್‌ನನ್ನು ಬಡಿದು ಹೆವಿವೇಟ್ ಪಟ್ಟ ಗೆದ್ದದ್ದು 1908ರ ಡಿಸೆಂಬರ್ 26ರಂದು. ಅದಕ್ಕೂ 18 ವರ್ಷ ಮೊದಲೇ, 1890ರಲ್ಲಿ, ಜಾರ್ಜ್ ಡಿಕ್ಸನ್ ಲಂಡನ್ನಿನಲ್ಲಿ ನಂಕ್ ವಾಲೇಸ್‌ನನ್ನು ಸೋಲಿಸಿ ಹಗುರ ತೂಕದವರ ಬ್ಯಾಂಟಮ್‌ವೇಟ್ ಪಟ್ಟ ಹಿಡಿದಿದ್ದ. ಆಮೇಲೆ ಅದಕ್ಕಿಂತ ತುಸು ಹೆಚ್ಚು ತೂಕದ ಫೆದರ್‌ವೇಟ್ ಪಟ್ಟವೂ ಅವನದಾಯಿತು. ಊರು ಕೆನಡಾದ ಹ್ಯಾಲಿಫ್ಯಾಕ್ಸ್ ಬಳಿಯ ಆಫ್ರಿಕ್‌ವಿಲ್; ಎತ್ತರ ಐದೂಕಾಲು ಅಡಿಯ ಆಸುಪಾಸು.

1892ರ ಸೆಪ್ಟೆಂಬರ್‌ನಲ್ಲಿ ನ್ಯೂ ಆರ್ಲಿಯನ್ಸ್‌ನ ಒಲಿಂಪಿಕ್ ಕ್ಲಬ್‌ನಲ್ಲಿ ಅವನು ಬಿಳಿಯ ಜಾಕ್ ಸ್ಕೆಲ್ಲಿಯನ್ನು ಎಂಟನೇ ಸುತ್ತಿಗೆ ನೆಲಕ್ಕೆ ಕೆಡವಿದ. ಕ್ಲಬ್ಬಿನವರು ಏನು ಮಾಡಿದರು ಗೊತ್ತೇ? ಕರಿಯ-ಬಿಳಿಯರ ನಡುವಿನ ಪಂದ್ಯಗಳನ್ನೇ ನಿಲ್ಲಿಸಿಬಿಟ್ಟರು!

ಎದುರಾಳಿಯಿಲ್ಲದೆ ಗಾಳಿಗೆ ಗುದ್ದುತ್ತಾ ಮಾಡುವ 'ಶ್ಯಾಡೋ ಬಾಕ್ಸಿಂಗ್' ಅಭ್ಯಾಸವನ್ನು ರೂಪಿಸಿದ ಶ್ರೇಯಸ್ಸನ್ನೂ ಹಲವರು ಡಿಕ್ಸನ್‌ಗೇ ಕೊಡುತ್ತಾರೆ. ಅದು ಇಂದಿಗೂ ಪ್ರತಿ ಬಾಕ್ಸಿಂಗ್ ಜಿಮ್‌ನ ನಿತ್ಯದ ಪಾಠ.

ಜಾನ್ಸನ್ ಗೆದ್ದ ಸುದ್ದಿ ಕೇಳಲು ಡಿಕ್ಸನ್ ಇರಲಿಲ್ಲ. ಅದೇ 1908ರ ಜನವರಿಯಲ್ಲಿ, 37ನೇ ವಯಸ್ಸಿಗೇ ನ್ಯೂಯಾರ್ಕ್‌ನಲ್ಲಿ ತೀರಿಕೊಂಡಿದ್ದ.